ಮಗ್ಗದ ಕುಣಿಯ ಬೆಕ್ಕು

ಕತೆ ಹೇಳುವಾಗ ನನ್ನ ಅಜ್ಜಿ, ಆಯಿಯದು ಒಂದೇ ಕರಾರು. ಕೇಳುವವರು ಹೂಂಗುಟ್ಟಬೇಕು. ಪ್ರತಿ ಮಾತಿಗೂ ಅಲ್ಲ, ಅವಳು ಉಸಿರು ತೆಗೆದುಕೊಳ್ಳಲು ನಿಂತಾಗ ಮಾತ್ರ. ಹೂಂ ಬಂದರೆ ಕತೆ ಮುಂದೆ ಹೋಗುತ್ತಿತ್ತು. ಬರದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ರಾಜಕುಮಾರ ಹಗ್ಗ ಹಿಡಿದು ಬಾವಿಯಲ್ಲಿ ಅರ್ಧ ಇಳಿದಿದ್ದರೂ ಅವನನ್ನು ಅಲ್ಲೇ ತೂಗುಬಿಟ್ಟು ಆಯಿ ಎದ್ದು ಹೋಗಿಬಿಡುತ್ತಿದ್ದಳು. "ಹೂಂ ನಿಂತ ಮ್ಯಾಲೂ ಹೇಳಾಕತ್ತಿದ್ರ ಆ ಕತಿ ಯಾರ ಕಿವ್ಯಾಗ ಹೊಕ್ಕತೈತೋ ಯಾರಿಗ್ಗೊತ್ತು" ಎನ್ನುತ್ತಿದ್ದಳು. ಆ ಯಾರೋ ಯಾರು ಎಂದು ಕೇಳಲು ನನಗೆ ಧೈರ್ಯವಿರಲಿಲ್ಲ. ಹಾಗಾಗಿ ನಿದ್ದೆಗಣ್ಣಲ್ಲೂ ಹೂಂಗುಟ್ಟುತ್ತಿದ್ದೆ.

ದೊಡ್ಡವಳಾದ ಮೇಲೆ ನನಗೆ ಸಿಕ್ಕ ಕೆಲಸವೂ ಅದೇ. ಕತೆ ಹೇಳುವುದು, ಹೂಂ ಬರುತ್ತದೋ ಎಂದು ಕಾಯುವುದು. ಕೇಳುವವು ಮಾತ್ರ ತಲೆಗೆ ಪೆಟ್ಟು ಬಿದ್ದ ನಾಯಿಗಳು, ಬೆಕ್ಕುಗಳು.

ನಮ್ಮ ರಸ್ತೆಗಳಲ್ಲಿ ಈಗ ಓಡುವ ಗಾಡಿಗಳಿಗೆ ಸದ್ದಿಲ್ಲ. ದೊಡ್ಡ ಲಾರಿ ಸಹ ನೆರಳು ಸರಿದಂತೆ ಬರುತ್ತದೆ. ಮನುಷ್ಯರು ಎರಡು ವರ್ಷದಲ್ಲಿ ಅದಕ್ಕೆ ಹೊಂದಿಕೊಂಡರು, ಕತ್ತು ಹೊರಳಿಸಿ ನೋಡಿ ದಾಟುವುದನ್ನು ಕಲಿತರು. ಕಿವಿಯನ್ನೇ ನಂಬಿ ಬದುಕುವ ಪ್ರಾಣಿಗಳು ಕಲಿಯಲಿಲ್ಲ. ಗದಗ ಬೆಟಗೇರಿಯ ನಮ್ಮ ಪ್ರಾಣಿ ಆಸ್ಪತ್ರೆಯ ಮುಂದೆ ಬೆಳಿಗ್ಗೆ ಎಂಟಕ್ಕೇ ಸಾಲು ನಿಲ್ಲತೊಡಗಿತು. ಗೋಣಿಚೀಲದಲ್ಲಿ, ತರಕಾರಿ ಬುಟ್ಟಿಯಲ್ಲಿ, ಹರಿದ ಲುಂಗಿಯಲ್ಲಿ ಸುತ್ತಿಕೊಂಡು ತರುತ್ತಿದ್ದರು.

ಮೊದಲೂ ಸ್ಕ್ಯಾನ್ ಯಂತ್ರಗಳಿದ್ದವು. ಅವು ಎಲುಬಿನ ಬಿರುಕು ತೋರಿಸುತ್ತಿದ್ದವು, ಒಳಗೆ ಹೆಪ್ಪುಗಟ್ಟಿದ ರಕ್ತ ತೋರಿಸುತ್ತಿದ್ದವು. ಮಿದುಳು ಬದುಕಿದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಪ್ರಾಣಿ ಮುಕ್ಕಾಲು ತಾಸು ಅಲುಗದೆ ಮಲಗಬೇಕಿತ್ತು. ಅದಕ್ಕೆ ಅರಿವಳಿಕೆ ಕೊಡಬೇಕಿತ್ತು. ಬಾತ ಮಿದುಳಿಗೆ ಅರಿವಳಿಕೆ ಕೊಟ್ಟರೆ ಎಷ್ಟೋ ಪ್ರಾಣಿಗಳು ಆ ಯಂತ್ರದೊಳಗೇ ಮುಗಿದುಹೋಗುತ್ತಿದ್ದವು. ಆಮೇಲೆ ಮಾರ್ದನಿ ಯಂತ್ರ ಬಂತು. ತಲೆಗೆ ತೆಳುವಾದ ಜಾಲರಿಯ ಟೊಪ್ಪಿಗೆ, ಹಾಸಿಗೆಯ ಕೆಳಗೆ ನಡುಕ ಹಿಡಿಯುವ ಪದರ. ಪ್ರಾಣಿ ಎಷ್ಟೇ ಆಳದ ಮೂರ್ಛೆಯಲ್ಲಿರಲಿ, ತಾನು ಕೇಳಿ ಬೆಳೆದ ದನಿ ಕಿವಿಗೆ ಬಿದ್ದರೆ ಬದುಕಿರುವ ಮಿದುಳು ಒಳಗೊಳಗೇ ಮಿಸುಕುತ್ತದೆ. ರಕ್ತ ಅತ್ತ ಹರಿಯುತ್ತದೆ, ಸಣ್ಣ ಮಿಂಚು ಏಳುತ್ತದೆ. ಯಂತ್ರ ಅದನ್ನೇ ಹಿಡಿದು ಚಿತ್ರ ಬಿಡಿಸುತ್ತದೆ. ಉತ್ತರ ಕೊಟ್ಟ ಭಾಗ ನೀಲಿ ಬೆಳಕಾಗಿ ಕಾಣುತ್ತದೆ, ಕೊಡದ ಭಾಗ ಕಪ್ಪು. ಅರಿವಳಿಕೆ ಬೇಡ. ಹತ್ತೇ ನಿಮಿಷ. ಜನ ಅದನ್ನು ಹೂಂ ಮಷೀನು ಎಂದು ಕರೆದರು. ಹಾಗೆ ಮೊದಲು ಕರೆದವಳು ನಾನೇ ಇರಬೇಕು.

ನೂರರಲ್ಲಿ ಏಳಕ್ಕಿಂತ ಕಡಿಮೆ ಬಂದರೆ "ನಿರುತ್ತರ" ಎಂದು ಬರೆಯಬೇಕು. ಮಿದುಳಿನ ಬಾವು ಇಳಿಸುವ ಔಷಧದ ಪಂಪು ನಮ್ಮಲ್ಲಿದ್ದದ್ದು ನಾಲ್ಕು. ನಿರುತ್ತರವಾದ ಪ್ರಾಣಿಯ ಪಂಪನ್ನು ಕಳಚಿ ಮುಂದಿನದಕ್ಕೆ ಹಚ್ಚಬೇಕು. ಒಂದು ದಿನ ಕಾದು, ಸಾಕಿದವರ ಸಹಿ ಪಡೆದು, ಕೊನೆಯ ಇಂಜೆಕ್ಷನ್ ಕೊಡಬೇಕು. ಎರಡು ವರ್ಷದಿಂದ ನಿರುತ್ತರ ಎಂದು ಬರೆಯುತ್ತಿದ್ದ ಕೈ ನನ್ನದು.

ಆ ದಿನ ಹನ್ನೊಂದು ಗಂಟೆಗೆ ಕಸ್ತೂರೆವ್ವ ಬಂದಳು. ನೇಕಾರರ ಓಣಿಯ ತುದಿಯಲ್ಲಿ ಮಿರ್ಚಿ ಭಜಿ ಗಾಡಿ ಇಟ್ಟಿರುವವಳು. ಸೆರಗಿನಲ್ಲಿ ಬೂದಿ ಬಣ್ಣದ ಬೆಕ್ಕು, ಹಣೆಯಲ್ಲಿ ಬಿಳಿ ಬೊಟ್ಟು, ಮೂಗಿನಲ್ಲಿ ರಕ್ತ. ಒಂದು ಕಣ್ಣಿನ ಪಾಪೆ ದೊಡ್ಡದು, ಇನ್ನೊಂದರದ್ದು ಚಿಕ್ಕದು.

"ಹೆಸರೇನ್ರಿ ಇದರದು?" ನಾನು ಫಾರ್ಮು ತುಂಬುತ್ತ ಕೇಳಿದೆ.

"ಹೆಸರ..." ಅವಳು ಒಂದು ಗಳಿಗೆ ನಿಂತಳು. "ಚಂದ್ರಿ ಅಂತ ಬರಕೋ ತಂಗಿ."

"ಬರಕೋ ಅಂದ್ರ? ದಿನಾ ಏನಂತ ಕರೀತೀರಿ?"

"ಬೆಕ್ಕನ್ನ ಯಾರ ಕರೀತಾರವಾ. ಹಾಲಿನ ವಾಸನಿ ಬಂದ್ರ ಸಾಕು, ಕರೀಲಾರದಽ ಬಂದು ಕುಂದರತೈತಿ. ನನ್ನ ಗಂಡನಂಗ."

ನಾನು ನಕ್ಕೆ. "ಇದು ಯಾರ ದನಿ ಕೇಳಿ ಬೆಳದೈತ್ರಿ?"

ಕಸ್ತೂರೆವ್ವ ಹಿಂದೆ ತಿರುಗಿ ನೋಡಿದಳು. ಪಡಸಾಲೆಯ ಬೆಂಚಿನ ಮೇಲೆ ನಲವತ್ತೈದರ ಒಬ್ಬ ಹೆಂಗಸು ಕುಳಿತಿದ್ದಳು. ಸೀರೆಯ ತುಂಬ ನೂಲಿನ ದೂಳು. ಕಣ್ಣು ನನ್ನ ತುಟಿಯ ಮೇಲೇ ಇತ್ತು.

"ನಂದಽ ಅನ್ನು" ಎಂದಳು ಕಸ್ತೂರೆವ್ವ.

"ಅವರ್ಯಾರು?"

"ಬಾಜೂ ಮನಿ ಬನವ್ವ. ಕಿವೀನೂ ಇಲ್ಲ, ಮಾತೂ ಇಲ್ಲ, ಹುಟ್ಟಿದಾಗಿಂದ. ಆಕಿನ್ನ ಬಿಡು."

ಬಿಡು ಎಂದಳು. ನಾನು ಬಿಟ್ಟೆ.

ಮೊದಲು ಎಲುಬಿನ ಚಿತ್ರ ತೆಗೆದೆವು. ನಮ್ಮ ಡಾಕ್ಟರು ಬಾಳಿಕಾಯಿ ಅವರು ಪರದೆಯ ಮುಂದೆ ಬಗ್ಗಿದರು. ದಿನಕ್ಕೆ ನಲವತ್ತು ತಲೆ ನೋಡಿ ನೋಡಿ ಅವರ ಮಾತು ಚಿಕ್ಕದಾಗಿಬಿಟ್ಟಿತ್ತು. ಎಡಗಡೆಯ ಕಿವಿಯ ಮೇಲೊಂದು ಬಿರುಕು, ಅದರ ಕೆಳಗೆ ತೆಳುವಾದ ರಕ್ತದ ಪದರ. ಮಿದುಳಿನ ಸುತ್ತಲಿನ ನೀರಿನ ಉಂಗುರ ಮಾತ್ರ ಇನ್ನೂ ತೆರೆದೇ ಇತ್ತು. ಬಾವು ಹರಡಲು ಅಲ್ಲಿ ಸ್ವಲ್ಪ ಜಾಗವಿತ್ತು.

"ಎಲುಬು ಕೂಡ್ತೈತಿ. ಒಳಗ ಯಾರರೆ ಅದಾರೋ ಇಲ್ಲೋ ನೋಡು" ಎಂದರು.

ತಲೆಯನ್ನು ಇಳಿಜಾರು ಹಲಗೆಯ ಮೇಲೆ ಎತ್ತರಿಸಿ ಮಲಗಿಸಿ, ಪಂಪು ಹಚ್ಚಿ, ಟೊಪ್ಪಿಗೆ ತೊಡಿಸಿದೆವು. ಕಸ್ತೂರೆವ್ವನನ್ನು ಒಳಗೆ ಕೂರಿಸಿ ಗಾಜಿನ ಈಚೆ ಬಂದೆವು. ಅವಳು ಕರೆದಳು. ಚಂದ್ರಿ, ಏ ಚಂದ್ರಿ, ನನ ಬಂಗಾರಿ. ಪರದೆ ಕಪ್ಪಾಗಿಯೇ ಇತ್ತು, ಒರೆಸಿದ ಪಾಟಿಯ ಹಾಗೆ. ನೂರರಲ್ಲಿ ಎರಡು. ಕಸ್ತೂರೆವ್ವನಿಗೆ ಸಿಟ್ಟು ಬಂತು. "ಏ ಭಾಡ್ಯಾ, ಮೊನ್ನಿ ನನ ಹಿಟ್ಟಿನ ಬೋಗೋಣಿಗೆ ಬಾಯಿ ಹಾಕಿ ಓಡಿದ್ದಿಲ್ಲ, ಈಗ ಕೇಳ್ಸಂಗಿಲ್ಲೇನ ನಿನಗ?"

ಮೂರಾಯಿತು.

"ಬೈಗಳಾ ಪರಿಚಯ ಐತಿ" ಎಂದರು ಡಾಕ್ಟರು. ನಗಲಿಲ್ಲ.

ಎರಡನೇ ಸಲ ಸಿಬ್ಬಂದಿಯ ದನಿ. ಅಂದರೆ ನನ್ನದು. ಆಯಿ ಹೇಳುತ್ತಿದ್ದ, ಬೆಳದಿಂಗಳನ್ನು ನೂಲುವ ಮುದುಕಿಯ ಕತೆಯನ್ನು ಶುರುಮಾಡಿದೆ. ಊರಿಗೆಲ್ಲ ಬೆಳದಿಂಗಳ ಅಂಗಿ ಹೊಲಿದುಕೊಟ್ಟು ತಾನು ಕತ್ತಲೆಯಲ್ಲೇ ಉಳಿದವಳ ಕತೆ. ನನ್ನ ದನಿಗೆ, ಅನ್ನ ಹಾಕುವವರು ಹೊತ್ತು ತಂದ ಬೀದಿನಾಯಿಗಳು ಸಹ ಎಷ್ಟೋ ಸಲ ಮಿಸುಕಿದ್ದವು. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು. ಮುದುಕಿ ರಾಟೆ ತಿರುಗಿಸಿದಳು, ನಿಂತೆ. ಏನೂ ಇಲ್ಲ. ಚಂದ್ರ ಸಣ್ಣಗಾದ, ನಿಂತೆ. ಏನೂ ಇಲ್ಲ. ಎರಡು, ಎರಡು, ಒಂದು.

ಹೊರಗೆ ಹನ್ನೊಂದು ಪ್ರಾಣಿಗಳು ಕಾಯುತ್ತಿದ್ದವು. ನಿರುತ್ತರ ಎಂದು ಬರೆದೆ. ಪಂಪನ್ನು ಕಳಚಿ ಸ್ಟೇಷನ್ ರಸ್ತೆಯ ಕೆಂಪು ನಾಯಿಮರಿಗೆ ಹಚ್ಚಿದೆ. ಆ ಮರಿ ಬದುಕಿತು. ಈಗ ಅದು ಯಾರದೋ ಮನೆಯ ಬಾಗಿಲಲ್ಲಿ ಚಪ್ಪಲಿ ಕಡಿಯುತ್ತಿದೆಯಂತೆ. ಆ ಪಂಪು ಅದನ್ನು ಉಳಿಸಿದ್ದನ್ನು ಸುಳ್ಳೆನ್ನಲು ನನಗೆ ಬರುವುದಿಲ್ಲ.

ಸಂಜೆ ಮನೆಗೆ ಬಂದಾಗ ಆಯಿ ಹೊಸ್ತಿಲ ಮೇಲೆ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ಎಂಬತ್ತಾರು ವರ್ಷ, ಉಗುರು ಮಾತ್ರ ಇನ್ನೂ ಚೂಪು.

"ಇವತ್ತ ಎಷ್ಟ ಮಂದಿಗೆ ಹೇಳಿದಿ, ಇಂದೂ?"

"ಒಂಬತ್ತು. ಒಂದು ಬೆಕ್ಕು ಹೂಂ ಅನ್ನಲಿಲ್ಲ ಆಯಿ."

"ಯಾವ ಕತಿ?"

"ಬೆಳದಿಂಗಳಾ ನೂಲೂ ಮುದುಕೀದು."

"ಅದು ನಿನ್ನ ಕತಿ. ಅದಕ್ಕ ಹೂಂ ಅನಕೋತ ಬೆಳದಾಕಿ ನೀನು." ಒಂದು ಎಸಳನ್ನು ಸಿಪ್ಪೆ ಬಿಡಿಸಿ ಊದಿದಳು. "ಅದಕ್ಕ ಅದರ ಕತಿ ಯಾರ ಹೇಳಿದ್ರು?"

"ಕತಿ ಮುಖ್ಯ ಅಲ್ಲ ಆಯಿ, ಮಷೀನಿಗೆ ಬೇಕಾದ್ದು ದನಿ."

"ಹಂಗೇನ" ಎಂದು ಆಯಿ ಇನ್ನೊಂದು ಗಡ್ಡೆ ತೆಗೆದುಕೊಂಡಳು. ಅವಳು ಹಂಗೇನ ಎಂದರೆ ಒಪ್ಪಿದಳೆಂದು ಅರ್ಥವಲ್ಲ. ಗೊತ್ತಿದ್ದೂ ನಾನು ಕೈಕಾಲು ತೊಳೆಯಲು ಹೋದೆ.

ಮರುದಿನ ಒಂಬತ್ತಕ್ಕೆ ಕಸ್ತೂರೆವ್ವ ಬಂದಳು. ಬೆಕ್ಕು ಇನ್ನೂ ಉಸಿರಾಡುತ್ತಿತ್ತು. ಸಹಿಯ ಕಾಗದವನ್ನು ಮುಂದಿಟ್ಟೆ. ಅವಳು ಪೆನ್ನು ಮುಟ್ಟಲಿಲ್ಲ.

"ಇದು ಜೀವಾ ತಗಿಯೂ ಕಾಗದ. ನಾ ಹೆಂಗ ಸಹಿ ಹಾಕ್ಲಿ ತಂಗಿ. ಬೆಕ್ಕು ನಂದಲ್ಲ."

"ನಿನ್ನಿ ನಂದಽ ಅಂದಿದ್ರಲ್ರೀ!"

"ಬಾಗಲಕ್ಕ ಬೋರ್ಡ್ ಹಚ್ಚೀರಲ್ಲ, ಪರಿಚಯದ ದನಿ ಇರಲಾರದ ಪ್ರಾಣಿಗೆ ಪರೀಕ್ಷಾ ಇಲ್ಲ ಅಂತ. ಮಾತಿಲ್ಲದಾಕಿ ಬೆಕ್ಕು ಅಂದ್ರ ಒಳಗಽ ಬಿಡತಿದ್ದಿಲ್ಲ ನೀವು. ಅದಕ್ಕ ಸುಳ್ಳ ಹೇಳಿದೆ. ಹೆಸರೂ ನಾನಽ ಹುಟ್ಟಿಸಿದ್ದು. ಆಕಿ ಅದಕ್ಕ ಯಾ ಹೆಸರಿಡ್ಬೇಕು, ಪಾಪ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಕಂಡ್ರ ಅದು ಓಡ್ತಿತ್ತು. ಎಲ್ಲಾರನ್ನ ಕಂಡ್ರೂ ಓಡ್ತಿತ್ತು."

"ಬನವ್ವಗ ಗೊತ್ತೈತೇನು?"

"ಮಲಗೈತಿ ಅಂತ ಸನ್ನಿ ಮಾಡಿ ಹೇಳೀನಿ. ನಂಬ್ಯಾಳ. ನೇಯಾಕತ್ತಾಳ. ನೀನಽ ಬಂದು ಹೇಳು, ನನ್ನ ಕೈಲೆ ಆಗೂದಿಲ್ಲ."

ಕಾಗದ ಹಿಡಿದುಕೊಂಡು ಕಸ್ತೂರೆವ್ವನ ಜೊತೆ ಹೋದೆ. ಓಣಿಯ ಮನೆಗಳಲ್ಲೆಲ್ಲ ಕರೆಂಟಿನ ಮಗ್ಗಗಳು ಬಡಿಯುತ್ತಿದ್ದವು. ಬನವ್ವನ ಮನೆಯಲ್ಲಿ ಮಾತ್ರ ಕುಣಿಮಗ್ಗ. ನೆಲದಲ್ಲಿ ಮೊಳಕಾಲುದ್ದದ ಕುಣಿ ತೋಡಿ, ಅದರೊಳಗೆ ಕಾಲಿಳಿಬಿಟ್ಟು, ಹಲಗೆ ತುಳಿಯುತ್ತ ನೇಯುವ ಮಗ್ಗ. ಅವಳ ಬೆನ್ನು ನಮ್ಮ ಕಡೆ ಇತ್ತು. ನಾವು ಬಂದದ್ದು ಅವಳಿಗೆ ತಿಳಿಯಲಿಲ್ಲ. ಹಲಗೆ ಧಡ್, ಲಾಳಿ ಸರ್, ಹಲಗೆ ಧಡ್. ಒಂದು ಗೇಣು ನೇಯ್ದಾದ ಮೇಲೆ ಅವಳು ನಿಂತಳು. ಬಲಗಾಲನ್ನು ಹಲಗೆಯಿಂದ ಚೂರು ಎತ್ತಿ, ಗಾಳಿಯಲ್ಲಿ ಹಾಗೇ ಹಿಡಿದಳು. ಐದು ಉಸಿರಿನಷ್ಟು ಹೊತ್ತು. ಆಮೇಲೆ ಮತ್ತೆ ಧಡ್.

"ಯಾಕ ನಿಂತ್ರು?" ನಾನು ಪಿಸುಗುಟ್ಟಿದೆ. ಅವಳಿಗೆ ಕೇಳಿಸದು ಎಂಬುದು ಮರೆತುಹೋಗಿತ್ತು.

"ಅದೊಂದು ಹುಚ್ಚು ಆಕೀದು. ಬೆಕ್ಕು ಮಲಗೂದು ಆ ಕುಣ್ಯಾಗಽ, ಆಕಿ ಕಾಲ ಬುಡಕ. ಮರಿ ಇದ್ದಾಗಿಂದ, ಮೂರ ವರ್ಷಾತು. ಗುರ್ ಅಂದ್ರ ಆಕಿ ಅಂಗಾಲಿಗೆ ತಿಳೀತೈತಿ. ಒಂದ ಗೇಣ ನೇಯೂದು, ಕಾಲೆತ್ತಿ ಅದರ ಬೆನ್ನಿಗೆ ಹಚ್ಚೂದು, ಅದು ಗುರ್ ಅನ್ನೂದು, ಮತ್ತ ಮುಂದಿನ ಗೇಣು. ಗುರ್ ಅನ್ನೂಮಟ ನೇಯಂಗಿಲ್ಲ. ಇವತ್ತ ಅದು ಇಲ್ಲ, ಆದ್ರೂ ಕಾಲ ಎತ್ತತಾಳ ನೋಡು."

ನಾನು ಕುಣಿಯೊಳಗೆ ಬಗ್ಗಿ ನೋಡಿದೆ. ಹಲಗೆಗಳ ಪಕ್ಕದಲ್ಲಿ ಹಳೆಯ ಸೀರೆಯ ಮಡಿಕೆ, ಅದರ ನಡುವೆ ಬೆಕ್ಕಿನ ಮೈಯಷ್ಟೇ ಗುಂಡಗಿನ ತಗ್ಗು, ತಗ್ಗಿನ ತುಂಬ ಬೂದಿ ಕೂದಲು.

ಮೂರು ವರ್ಷ. ಹಗಲೆಲ್ಲ ಇವಳು ಕಾಲಿನಿಂದ ಹೇಳಿದ್ದಳು. ಅದು ಹೂಂಗುಟ್ಟಿತ್ತು. ನಾವು ಅದಕ್ಕೆ ಮನುಷ್ಯರ ಬಾಯಿಯ ಮಾತು ಕೇಳಿಸಿ, ಸತ್ತಿದೆ ಎಂದಿದ್ದೆವು.

ಬನವ್ವ ತಿರುಗಿ ನನ್ನನ್ನು ಕಂಡಳು. ಹಣೆಯ ನಡುವೆ ಬೆರಳಿಟ್ಟು ಬೊಟ್ಟು ತೋರಿಸಿದಳು, ಆಮೇಲೆ ಅಂಗೈ ತೆರೆದು ಹಿಡಿದಳು. ಎಲ್ಲಿ? ನನ್ನ ಕೈಯ ಕಾಗದವನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಹೊರಗೋಡಿ ಫೋನು ಹಚ್ಚಿದೆ.

"ಸರ್, ಬೆಕ್ಕಿಗೆ ಪಂಪ್ ಹಚ್ಚರಿ. ನಾವು ತಪ್ಪ ದನಿ ಕೇಳ್ಸೀವಿ."

"ಯಾವ ಪ್ರಾಣೀದು ಕಳಚಿ ಹಚ್ಚಲಿ?" ಎಂದರು ಡಾಕ್ಟರು. ಅವರೇ ಮುಂದುವರಿಸಿದರು. "ಅರ್ಧಾ ತಾಸಿನಾಗ ಒಂದು ಖಾಲಿ ಆಗ್ತೈತಿ. ಅವರನ್ನ ಕರಕೊಂಡು ಬಾ."

ಮಗ್ಗದ ಹಲಗೆಯೊಂದನ್ನು ಬಿಚ್ಚಿ ತಂದೆವು. ಸ್ಕ್ಯಾನ್ ಹಾಸಿಗೆಯ ಕಾಲಿಗೆ ಅದನ್ನು ಬಿಗಿದು, ಮುಂದೆ ಒಂದು ಸ್ಟೂಲು ಇಟ್ಟೆ. ತುಳಿದ ನಡುಕ ಹಾಸಿಗೆಗೆ ಏರಬೇಕು, ಹಾಸಿಗೆಯಿಂದ ಬೆಕ್ಕಿನ ಮೈಗೆ. ಇದನ್ನೆಲ್ಲ ಬನವ್ವನಿಗೆ ಹೇಗೆ ತಿಳಿಸುವುದು ಎಂದು ನಾನು ಕೈ ಆಡಿಸುವಷ್ಟರಲ್ಲಿ ಅವಳು ಚಪ್ಪಲಿ ಕಳಚಿ ಕುಳಿತಾಗಿತ್ತು. ಬೆಕ್ಕಿನ ಟೊಪ್ಪಿಗೆಯನ್ನು ಒಮ್ಮೆ ನೋಡಿದಳು. ಮೂಗಿನ ಬಳಿ ಒಣಗಿದ್ದ ರಕ್ತವನ್ನು ಉಗುರಿನಿಂದ ಮೆಲ್ಲಗೆ ತೆಗೆದಳು.

ಗಾಜಿನ ಈಚೆ ನಾನು, ಡಾಕ್ಟರು, ಕಸ್ತೂರೆವ್ವ.

ಧಡ್. ಧಡ್. ಧಡ್. ಒಂದು ಗೇಣು ನೇಯುವಷ್ಟು ತುಳಿದು ಅವಳು ಕಾಲೆತ್ತಿದಳು.

ಪರದೆಯ ಎಡಮೂಲೆಯಲ್ಲಿ ನೀಲಿ ಹುಟ್ಟಿತು. ಮೊದಲು ಎಳ್ಳಿನಷ್ಟು. ನೋಡನೋಡುತ್ತ ಕಿವಿಯ ಭಾಗವೆಲ್ಲ ತುಂಬಿ, ಅಲ್ಲಿಂದ ಹೊರಳಿ ಹಣೆಯವರೆಗೆ ಹರಿಯಿತು. ಮೂವತ್ತೊಂದು. ಎರಡು ವರ್ಷದಲ್ಲಿ ನಾನು ಕಂಡ ಅತಿ ದೊಡ್ಡ ಹೂಂ.

"ಅಯ್ಯ ನನ ಶಿವನ, ಒಳಗಽ ಅದಾಳ!" ಎಂದಳು ಕಸ್ತೂರೆವ್ವ. ನನ್ನ ಭುಜಕ್ಕೆ ಗುದ್ದಿ ಅತ್ತಳು. "ಬದಕ್ಯಾಳ, ಹೌದಿಲ್ಲ? ಸಾಹೇಬ್ರ, ಬದಕ್ಯಾಳ ಹೌದಿಲ್ಲ?"

ಡಾಕ್ಟರು ಆಗಲೇ ತೆಗೆದ ಹೊಸ ಎಲುಬಿನ ಚಿತ್ರವನ್ನು ಪರದೆಗೆ ತಂದು, ನಿನ್ನೆಯ ಚಿತ್ರವನ್ನು ಅದರ ಪಕ್ಕಕ್ಕಿಟ್ಟರು. ನಿನ್ನೆ ತೆರೆದಿದ್ದ ನೀರಿನ ಉಂಗುರ ಇಂದು ಇರಲಿಲ್ಲ. ಬಾತ ಮಿದುಳು ಗೋಡೆಗೆ ಗೋಡೆ ಒತ್ತಿಕೊಂಡಿತ್ತು. ಹಿಂದೆ, ಬೆನ್ನುಹುರಿ ಇಳಿಯುವ ತೂತಿನೊಳಗೆ ಅದರ ತುದಿ ಇಳಿಯತೊಡಗಿತ್ತು. ಉಸಿರು ಆಡಿಸುವ ತಂತು ಇರುವುದು ಅಲ್ಲೇ.

"ನಿನ್ನಿ ಜಾಗಾ ಇತ್ತು" ಎಂದರು.

"ತಲಿಬುರುಡಿ ತಗದು ಒತ್ತಡ ಇಳಿಸಿದ್ರ?"

"ನಿನ್ನಿ ಮಧ್ಯಾಹ್ನದ ಮಟ ಮಾಡಬಹುದಿತ್ತು." ಬೇರೆ ಪ್ರಾಣಿಯಿಂದ ಬಿಡುವಾದ ಪಂಪನ್ನು ತಾವೇ ಎತ್ತಿಕೊಂಡು ಒಳಗೆ ಹೋಗಿ ಹಚ್ಚಿ ಬಂದರು. "ಹಚ್ಚೀನಿ. ಅದಕ್ಕಂತ ಅಲ್ಲ, ನನ್ನ ಸಮಾಧಾನಕ್ಕ."

ಇಪ್ಪತ್ತೆರಡು ತಾಸು ಅದು ಒಳಗೇ ಇತ್ತು. ನಾವು ಬಡಿದದ್ದು ಬೇರೆ ಮನೆಯ ಬಾಗಿಲು. ನಾನು ನಿರುತ್ತರ ಎಂದು ಬರೆದ ಉಳಿದವುಗಳೂ ನೆನಪಾದವು. ಹಿಟ್ಟಿನ ಗಿರಣಿಯಲ್ಲೇ ಹುಟ್ಟಿ ಬೆಳೆದ ಕರಿ ನಾಯಿ. ಅದಕ್ಕೆ ಗಿರಣಿಯ ಸದ್ದು ಕೇಳಿಸಬೇಕಿತ್ತೇನೋ. ಕಂಬಾರನ ಬೆಕ್ಕು. ಬಸ್ ನಿಲ್ದಾಣದ ಮೂರು ಕಾಲಿನದು. ಅವುಗಳಿಗೆಲ್ಲ ನಾನು ಬೆಳದಿಂಗಳ ಮುದುಕಿಯ ಕತೆ ಹೇಳಿದ್ದೆ, ಎಷ್ಟು ಚೆನ್ನಾಗಿ ಹೇಳಿದೆ ಎಂದುಕೊಂಡಿದ್ದೆ.

ಗಾಜಿನ ಆಚೆ ಬನವ್ವನಿಗೆ ಏನೂ ಗೊತ್ತಿರಲಿಲ್ಲ. ಆದರೆ ಅವಳು ಬೇರೊಂದನ್ನು ಕಂಡುಹಿಡಿದಿದ್ದಳು. ಒಳಗಿನ ಗೋಡೆಯ ಮೇಲೂ ಒಂದು ಪರದೆ ಇದೆ. ತಾನು ತುಳಿದು ನಿಂತಾಗ ಅಲ್ಲಿ ನೀಲಿ ಏಳುತ್ತದೆ. ಬೆಕ್ಕನ್ನು ತೋರಿಸಿದಳು, ಪರದೆಯನ್ನು ತೋರಿಸಿದಳು, ತನ್ನ ಅಂಗಾಲನ್ನು ತೋರಿಸಿದಳು, ನನ್ನ ಕಡೆ ತಿರುಗಿ ಬಾಯ್ತುಂಬ ನಕ್ಕಳು. ಇಷ್ಟು ದಿನ ಕಾಲಿಗೆ ಮಾತ್ರ ಬರುತ್ತಿದ್ದದ್ದು ಈಗ ಅವಳ ಕಣ್ಣಿಗೆ ಬಂದಿತ್ತು. ಬೇಕೆಂದೇ ಎರಡು ಸಲ ತುಳಿದು ನಿಲ್ಲುವಳು, ಹತ್ತು ಸಲ ತುಳಿದು ನಿಲ್ಲುವಳು. ಪ್ರತಿ ಸಲವೂ ಹೂಂ.

"ಮುಖಾ ನೋಡು ಆಕೀದು" ಎಂದಳು ಕಸ್ತೂರೆವ್ವ. ಬೆಕ್ಕು ಉಳಿಯದೆಂದು ಅವಳಿಗೂ ಈಗ ಗೊತ್ತಾಗಿತ್ತು. "ಇಷ್ಟ್ ವರ್ಷದಾಗ ಹಿಂಗ ನಕ್ಕಿದ್ದ ನಾ ಕಂಡಿಲ್ಲ. ತಂಗಿ, ಆ ಮಷೀನ ಬಂದ್ ಮಾಡು."

"ಬ್ಯಾಡ" ಎಂದರು ಡಾಕ್ಟರು.

ಇಪ್ಪತ್ತಾರು. ಇಪ್ಪತ್ತು. ಹಣೆಯವರೆಗೆ ಹೋಗುತ್ತಿದ್ದ ಬೆಳಕು ನಡುವಿಗೇ ನಿಂತಿತು. ಬೆಕ್ಕಿನ ಹೊಟ್ಟೆ ಏರಿ ಇಳಿಯುವುದರಲ್ಲಿ ತಾಳ ತಪ್ಪಿತು. ಬನವ್ವ ಪರದೆಯನ್ನೂ ಬೆಕ್ಕನ್ನೂ ನೋಡಿದಳು, ನಗು ಹೋಯಿತು. ಮೆಲ್ಲಗೆ ತುಳಿದು ನೋಡಿದಳು, ಆಮೇಲೆ ಜೋರಾಗಿ. ಹದಿಮೂರು. ಸೀರೆಯನ್ನು ಮೊಳಕಾಲ ಮೇಲೆ ಸಿಕ್ಕಿಸಿಕೊಂಡು ಇಡೀ ಮೈ ಹಾಕಿ ತುಳಿದಳು. ನಮ್ಮ ಕಡೆಯ ಗಾಜು ಗಲಗಲ ಅಂದಿತು. ಒಂಬತ್ತು. ಕಿವಿಯ ಪಕ್ಕದಲ್ಲಿ ಎಳ್ಳಿನಷ್ಟು ನೀಲಿ. ಐದು.

ಧಡ್. ಧಡ್. ಧಡ್. ಒಂದು ಗೇಣು. ಅವಳು ಕಾಲೆತ್ತಿದಳು.

ಪರದೆ ಕಪ್ಪಾಗಿತ್ತು. ಹೊಟ್ಟೆ ನಿಂತಿತ್ತು.

ಅವಳು ಪರದೆಯ ಕಡೆ ಮತ್ತೆ ನೋಡಲಿಲ್ಲ. ಅದು ಅವಳ ಪಾಲಿಗೆ ಆ ಒಂದು ತಾಸಿನ ಹೊಸ ಸಂಗತಿಯಷ್ಟೇ. ಅವಳು ನಂಬುತ್ತಿದ್ದದ್ದು ಕಾಲನ್ನು. ಎತ್ತಿದ ಬಲಗಾಲನ್ನು ಹಾಗೇ ಗಾಳಿಯಲ್ಲಿ ಹಿಡಿದು, ತಲೆ ಬಗ್ಗಿಸಿ ಕಾದಳು. ಐದು ಉಸಿರು. ಹತ್ತು. ಇಪ್ಪತ್ತು.

"ಇಂದೂ, ಹೋಗಿ ಹೇಳವಾ" ಎಂದರು ಡಾಕ್ಟರು.

"ಹೆಂಗ ಹೇಳ್ಲಿ ಸರ್?"

ಕೂಗಿದರೆ ಕೇಳುವವಳಲ್ಲ. ಕಸ್ತೂರೆವ್ವನ ಸನ್ನೆ ಮಲಗಿದೆ ಎನ್ನುವಷ್ಟಕ್ಕೇ ಮುಗಿಯುತ್ತಿತ್ತು. ಹೂಂ ನಿಂತಿದೆ, ಕತೆ ನಿಲ್ಲಿಸು ಎಂದು ಹೇಳಲು ಊರಿನಲ್ಲಿ ಯಾರ ಬಳಿಯೂ ಅವಳ ಭಾಷೆ ಇರಲಿಲ್ಲ. ಬಲ್ಲದ್ದು ಒಂದೇ, ಅದು ಹಾಸಿಗೆಯ ಮೇಲೆ ಮಲಗಿತ್ತು.

ಬಾಗಿಲು ತೆರೆದು ಒಳಗೆ ಹೋದೆ. ಸ್ಟೂಲಿನ ಬುಡದಲ್ಲಿ, ನೆಲದ ಮೇಲೆ, ಆ ಬೆಕ್ಕು ಇರುತ್ತಿದ್ದ ಜಾಗದಷ್ಟೇ ದೂರದಲ್ಲಿ ಕುಳಿತೆ. ಎತ್ತಿದ್ದ ಕಾಲನ್ನು ಎರಡೂ ಕೈಯಿಂದ ಹಿಡಿದೆ. ಅಂಗಾಲು ಬಿಸಿಯಾಗಿತ್ತು, ತುಳಿದು ತುಳಿದು ಕೆಂಪಾಗಿತ್ತು.

ಗಂಟಲಿನೊಳಗೆ ಒಮ್ಮೆ ಹೂಂ ಅಂದು, ಆ ನಡುಕವನ್ನು ಕೈಯ ಮೂಲಕ ಅವಳಿಗೆ ಕೊಟ್ಟುಬಿಡಲೇ ಎನಿಸಿತು. ಒಂದೇ ಒಂದು ಸಲ. ಅದು ಬೆಕ್ಕಿನದಲ್ಲವೆಂದು ಅವಳಿಗೆ ತಿಳಿಯುತ್ತಿತ್ತೋ ಇಲ್ಲವೋ. ಬಾಯಿ ಬಿಗಿಹಿಡಿದು ಕುಳಿತೆ.

ಬನವ್ವ ಕಾಲನ್ನು ನನ್ನ ಕೈಯಿಂದ ಬಿಡಿಸಿಕೊಳ್ಳಲಿಲ್ಲ. ಕೆಳಗೂ ಇಳಿಸಲಿಲ್ಲ. ಅವಳಿನ್ನೂ ಕಾಯುತ್ತಲೇ ಇದ್ದಳು.